ಮನೆಯಲ್ಲಿ ರೈಫಲ್ ತೋಟಾ ರೀಲೋಡಿಂಗ್: ಮೊದಲು ಕೇಸು, ಮದ್ದು ಕೊನೆಗೆ

ಪ್ರಶ್ನೆ: ನನ್ನ ಬಳಿ .308 ವಿಂಚೆಸ್ಟರ್ ಬೋಲ್ಟ್ ಆ್ಯಕ್ಷನ್ ರೈಫಲ್ ಇದೆ. ತೋಟಾ ರೀಲೋಡ್ ಮಾಡಲು, ಅಂದರೆ ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಗೆ (ಕೇಸಿಗೆ) ಮತ್ತೆ ಮದ್ದು, ಗುಂಡು ತುಂಬಲು ಬೇಕಾದ ಅನುಮತಿ ಸಿಕ್ಕಿದೆ. ಇದೇ ರೈಫಲ್‌ನಲ್ಲಿ ಹಾರಿಸಿದ ಇನ್ನೂರು ಖಾಲಿ ಕೇಸುಗಳನ್ನು ಜೋಪಾನ ಮಾಡಿಟ್ಟಿದ್ದೇನೆ. ರೇಂಜ್‌ನಲ್ಲಿ ಆಯ್ದುಕೊಂಡ ಬೇರೆ ಬೇರೆ ಕಂಪನಿಯ ಕೇಸುಗಳೂ ಒಂದಷ್ಟಿವೆ. ಯಾವ ಸಲಕರಣೆ ಕೊಳ್ಳಬೇಕು, ಕೆಲಸ ಯಾವ ಕ್ರಮದಲ್ಲಿ ಸಾಗಬೇಕು, ಜನ ಎಲ್ಲಿ ಎಡವುತ್ತಾರೆ? ಸ್ನೇಹಿತರೊಬ್ಬರು ತಮ್ಮ ರೈಫಲ್‌ಗೆ ಹಾಕುವ ಮದ್ದಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅದನ್ನೇ ಬಳಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬಳಸಬೇಡಿ. ಕಾರಣವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಅನುಮತಿ ಕೈಗೆ ಬಂದ ಮೇಲೆ ಕೆಲಸಕ್ಕೆ ಇಳಿಯುತ್ತಿರುವುದು ಒಳ್ಳೆಯದು. ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ತೋಟಾ ತಯಾರಿಸುವ ಮತ್ತು ಮದ್ದು, ಪ್ರೈಮರ್ (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಇಟ್ಟುಕೊಳ್ಳುವ ಅನುಮತಿ ಬೇರೆ ಎನ್ನುವ ಕಾನೂನು ಹಲವು ಕಡೆ ಇದೆ. ಎಷ್ಟು ಮದ್ದು, ಎಷ್ಟು ಪ್ರೈಮರ್ ಮನೆಯಲ್ಲಿರಬಹುದು ಎಂಬ ಮಿತಿಯನ್ನೂ ಅನುಮತಿ ಪತ್ರದಲ್ಲಿ ನೋಡಿಕೊಳ್ಳಿ.

ಹೊಸಬರೆಲ್ಲ ಮೊದಲು ಕೇಳುವುದು "ಮದ್ದು ಎಷ್ಟು ಹಾಕಬೇಕು" ಎಂದು. ಅದು ಈ ಕೆಲಸದ ಕೊನೆಯ ಪ್ರಶ್ನೆಗಳಲ್ಲೊಂದು. ತೋಟಾದಲ್ಲಿ ನಾಲ್ಕೇ ಭಾಗ: ಕೇಸು, ಪ್ರೈಮರ್, ಮದ್ದು, ಗುಂಡು. ಇವುಗಳಲ್ಲಿ ಮೂರು ಪ್ರತಿ ಸಲವೂ ಹೊಸದಾಗಿ ಡಬ್ಬಿಯಿಂದ ಬರುತ್ತವೆ. ಹಳೆಯದು ಕೇಸು ಒಂದೇ. .308ರ ಗರಿಷ್ಠ ಸರಾಸರಿ ಒತ್ತಡವನ್ನು ಅಮೆರಿಕದ ಕೋವಿ, ತೋಟಾ ತಯಾರಕರ ಸಂಸ್ಥೆಯಾದ ಸಾಮಿಯ ಮಾನದಂಡ ಚದರ ಇಂಚಿಗೆ 62,000 ಪೌಂಡ್ ಎಂದು ನಿಗದಿ ಮಾಡಿದೆ. ಆ ಒತ್ತಡದ ಅನಿಲ ನಿಮ್ಮ ಮುಖದ ಕಡೆ ನುಗ್ಗದಂತೆ ತೋಟಾ ಕೂರುವ ಗೂಡಾದ ಚೇಂಬರಿನ ಬಾಯಿ ಮುಚ್ಚಿ ಹಿಡಿಯುವುದು ಈಗಾಗಲೇ ಒಮ್ಮೆ ಹಿಗ್ಗಿದ, ಮುಂದೆಯೂ ಹಿಗ್ಗಿ ಕುಗ್ಗಬೇಕಾದ ಆ ಹಿತ್ತಾಳೆ. ಆದ್ದರಿಂದ ರೀಲೋಡಿಂಗ್ ಕಲಿಯುವುದೆಂದರೆ ಮುಕ್ಕಾಲು ಪಾಲು ಕೇಸನ್ನು ಓದಲು ಕಲಿಯುವುದು. ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಕೊಡುತ್ತೇನೆ.

ಸಲಕರಣೆಯ ವಿಷಯ ಬೇಗ ಮುಗಿಸೋಣ. ಗಟ್ಟಿ ಎರಕದ, ಒಮ್ಮೆಗೆ ಒಂದೇ ಕೆಲಸ ಮಾಡುವ ಒಂದು ಸಿಂಗಲ್ ಸ್ಟೇಜ್ ಪ್ರೆಸ್, .308ಕ್ಕೆ ಹಿಗ್ಗಿದ ಕೇಸನ್ನು ಅಳತೆಗೆ ತರುವ ಫುಲ್ ಲೆಂಗ್ತ್ ಸೈಜಿಂಗ್ ಡೈ ಮತ್ತು ಗುಂಡು ಕೂರಿಸುವ ಸೀಟಿಂಗ್ ಡೈ ಇರುವ ಸೆಟ್, ಕೇಸಿನ ತಳ ಹಿಡಿಯಲು ಅದಕ್ಕೆ ಹೊಂದುವ ಶೆಲ್ ಹೋಲ್ಡರ್. 0.01 ಮಿ.ಮೀ. ತೋರಿಸುವ ಕ್ಯಾಲಿಪರ್, ಅದಕ್ಕೆ ಸಿಕ್ಕಿಸುವ ಕಂಪಾರೇಟರ್. 0.1 ಗ್ರೇನ್ (ಮದ್ದು ತೂಗುವ ಮಾನ) ನಿಖರತೆಯ ತಕ್ಕಡಿ, ಪರೀಕ್ಷಾ ತೂಕದ ಬಟ್ಟುಗಳು. ಕೇಸ್ ಟ್ರಿಮ್ಮರ್, ಬಾಯಿಯ ಒಳ ಹೊರ ಅಂಚು ಸವರುವ ಉಪಕರಣ, ಕೈಯಲ್ಲಿ ಒತ್ತುವ ಪ್ರೈಮಿಂಗ್ ಟೂಲ್, ಕೇಸಿಗೆ ಸವರುವ ಜಿಡ್ಡಾದ ಕೇಸ್ ಲ್ಯೂಬ್, ಮದ್ದು ಅಳೆದು ಸುರಿಯುವ ಪೌಡರ್ ಮೆಷರ್, ಅದನ್ನು ಚೂರು ಚೂರಾಗಿ ಉದುರಿಸುವ ಟ್ರಿಕ್ಲರ್, ಫನೆಲ್, ಐವತ್ತು ಗುಳಿಯ ಲೋಡಿಂಗ್ ಬ್ಲಾಕ್, ತಪ್ಪಾದ ತೋಟಾ ಬಿಚ್ಚಲು ಸುತ್ತಿಗೆ ಮಾದರಿಯ ಬುಲೆಟ್ ಪುಲ್ಲರ್. ಇವೆಲ್ಲಕ್ಕಿಂತ ಮೊದಲು ಎರಡು ರೀಲೋಡಿಂಗ್ ಕೈಪಿಡಿ: ಒಂದು ನಿಮ್ಮ ಗುಂಡು ತಯಾರಿಸುವವರದು, ಇನ್ನೊಂದು ಮದ್ದು ತಯಾರಿಸುವವರದು. ಕಣ್ಣು ಕಾಯುವ ಕನ್ನಡಕ ಹಾಕದೆ ಪ್ರೈಮರ್ ಮುಟ್ಟಬೇಡಿ.

ಒಂದು ಹಿಡಿ ಎಳೆದರೆ ಒಂದು ತೋಟಾ ಉದುರುವ ಪ್ರೋಗ್ರೆಸಿವ್ ಪ್ರೆಸ್ ಕಂಡಾಗ ಆಸೆಯಾಗುವುದು ಸಹಜ. ಈಗ ಬೇಡ. ಅದರಲ್ಲಿ ಏಕಕಾಲಕ್ಕೆ ನಾಲ್ಕೈದು ಕೆಲಸ ನಡೆಯುತ್ತವೆ. ಯಾವುದು ತಪ್ಪಿತು ಎಂದು ತಿಳಿಯುವಷ್ಟರಲ್ಲಿ ಮುಂದಿನ ಕೇಸು ಬಂದಿರುತ್ತದೆ. ಸಿಂಗಲ್ ಸ್ಟೇಜ್‌ನಲ್ಲಿ ಐವತ್ತು ಕೇಸಿಗೂ ಒಂದು ಹಂತ ಮುಗಿಸಿ ಮುಂದಿನದಕ್ಕೆ ಹೋಗುತ್ತೀರಿ. ಹಾಗಾಗಿ ಪ್ರತಿ ಕೇಸೂ ಏಳೆಂಟು ಸಲ ನಿಮ್ಮ ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಬೀಳುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಈಗ ಕೇಸಿಗೆ ಬರೋಣ. ಇನ್ನೂರರಲ್ಲಿ ಐವತ್ತನ್ನು ಮಾತ್ರ ಎತ್ತಿಕೊಳ್ಳಿ, ಎಲ್ಲದರ ತಳದ ಮೇಲೂ ಒಂದೇ ಕಂಪನಿಯ ಅಚ್ಚಿರಲಿ. ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಬೆರಳಲ್ಲಿ ನಿಧಾನ ತಿರುಗಿಸಿ. ಗುಂಡು ಹಿಡಿಯುವ ಭಾಗವಾದ ಕತ್ತಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಆ ಕೇಸು ಗುಜರಿಗೆ. ತಳದ ಸುತ್ತ ಮಸಿ ಸೋರಿದ ಕಲೆ ಪ್ರೈಮರಿನ ಅಂಚಿನಿಂದ ಹೊರಟಿದ್ದರೆ ಅದೂ ಗುಜರಿಗೇ. ಕತ್ತಿನ ಹೊರಗೆ ಇರುವ ಹೊಗೆ ಬಣ್ಣಕ್ಕೆ ಹೆದರಬೇಡಿ, ಅದು ಸಹಜ. ಒಳಗೆ ಟಾರ್ಚ್ ಬಿಟ್ಟು ನೋಡಿ: ತಳದ ನಡುವೆ ಒಂದೇ ಒಂದು ತೂತು ಕಾಣಬೇಕು. ಎರಡು ಪುಟ್ಟ ತೂತುಗಳಿದ್ದರೆ ಅದು ಬರ್ಡನ್ ಮಾದರಿ. ನಿಮ್ಮ ಡೈಯ ಪಿನ್ನು ಅದರ ಪ್ರೈಮರ್ ತೆಗೆಯಲಾರದು, ಪಿನ್ನೇ ಮುರಿಯುತ್ತದೆ. ಕಬ್ಬಿಣದ ಕೇಸನ್ನು ಅಯಸ್ಕಾಂತ ಹಿಡಿದು ಪತ್ತೆ ಮಾಡಿ ಬದಿಗಿಡಿ.

ಇನ್ನೊಂದು ಪರೀಕ್ಷೆಯನ್ನು ಎಂದೂ ಬಿಡಬೇಡಿ. ಒಂದು ಜೆಮ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯ ಎರಡು ಮಿ.ಮೀ. ಭಾಗವನ್ನು ಅಡ್ಡಕ್ಕೆ ಬಗ್ಗಿಸಿ, ತುದಿಯನ್ನು ಅರದಲ್ಲಿ ಉಜ್ಜಿ ಚೂಪು ಮಾಡಿ. ಅದನ್ನು ಕೇಸಿನೊಳಗೆ ತಳ ಮುಟ್ಟುವಂತೆ ಬಿಟ್ಟು, ಒಳಗೋಡೆಗೆ ಒತ್ತಿ ಹಿಡಿದು ಮೆಲ್ಲನೆ ಮೇಲಕ್ಕೆ ಎಳೆಯಿರಿ. ದಪ್ಪ ತಳ ಮುಗಿದು ಗೋಡೆ ತೆಳುವಾಗುವ ಜಾಗದಲ್ಲಿ, ಅಂದರೆ ತಳದಿಂದ ಸುಮಾರು ಒಂದು ಸೆಂ.ಮೀ. ಆಸುಪಾಸಿನಲ್ಲಿ, ತುದಿ ಒಂದು ಹಳ್ಳಕ್ಕೆ ಸಿಕ್ಕಿಕೊಂಡು 'ಟಕ್' ಎಂದು ಹಾರಿದಂತೆ ಅನಿಸಿದರೆ ಆ ಕೇಸು ಒಳಗಿನಿಂದ ಬಿರುಕು ಬಿಡುತ್ತಿದೆ. ಅದೇ ಜಾಗದಲ್ಲಿ ಹೊರಗೆ ಹೊಳೆಯುವ ಉಂಗುರವೊಂದು ಕಾಣುವುದೂ ಉಂಟು. ಮುಂದಿನ ಗುಂಡಿಗೋ ಅದರ ಮುಂದಿನದಕ್ಕೋ ತಳ ಒಂದು ಕಡೆ, ಮೈ ಒಂದು ಕಡೆ ಆಗುತ್ತದೆ. ಮೈ ಚೇಂಬರಿನಲ್ಲೇ ಉಳಿದುಕೊಳ್ಳುತ್ತದೆ, ಅನಿಲ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಕಡೆಗೆ ನುಗ್ಗುತ್ತದೆ. ಈ ಬಿರುಕು ತಾನಾಗಿ ಬರುವುದಲ್ಲ. ಹೆಚ್ಚಿನ ಸಲ ಅದನ್ನು ತರುವುದು ತಪ್ಪಾಗಿ ಕೂರಿಸಿದ ಸೈಜಿಂಗ್ ಡೈ.

ಆ ಡೈ ಮಾಡುವ ಕೆಲಸ ಅರ್ಥವಾದರೆ ಅರ್ಧ ವಿದ್ಯೆ ಕೈಗೆ ಬಂದಂತೆ. ಗುಂಡು ಹಾರಿದಾಗ ಕೇಸು ನಿಮ್ಮ ಚೇಂಬರಿನ ಗೋಡೆಗೆ ಒತ್ತಿಕೊಂಡು ಅದರದೇ ಅಚ್ಚು ತಳೆಯುತ್ತದೆ, ಆಮೇಲೆ ಕೊಂಚ ಕುಗ್ಗುತ್ತದೆ. ಡೈ ಅದರ ಮೈಯನ್ನು ಹಿಂಡುತ್ತದೆ, ಮೈಗೂ ಕತ್ತಿಗೂ ನಡುವಿನ ಇಳಿಜಾರಾದ ಹೆಗಲನ್ನು ಹಿಂದಕ್ಕೆ ತಳ್ಳುತ್ತದೆ, ಕತ್ತನ್ನು ಗುಂಡು ಹಿಡಿಯುವಷ್ಟು ಬಿಗಿ ಮಾಡುತ್ತದೆ, ಹಳೆಯ ಪ್ರೈಮರನ್ನು ಹೊರಗೆ ದಬ್ಬುತ್ತದೆ. .308 ಚೇಂಬರಿನಲ್ಲಿ ನಿಲ್ಲುವುದು ಹೆಗಲಿನ ಆಧಾರದ ಮೇಲೆ. ಹೆಗಲನ್ನು ಅಗತ್ಯಕ್ಕಿಂತ ಹೆಚ್ಚು ಹಿಂದಕ್ಕೆ ತಳ್ಳಿದರೆ ತೋಟಾ ಚೇಂಬರಿನಲ್ಲಿ ಸಡಿಲವಾಗುತ್ತದೆ. ಹಾರಿಸಿದಾಗ ಕೇಸಿನ ತೆಳು ಮುಂಭಾಗ ಗೋಡೆಗೆ ಕಚ್ಚಿಕೊಳ್ಳುತ್ತದೆ, ದಪ್ಪ ತಳ ಮಾತ್ರ ಬೋಲ್ಟಿನವರೆಗೆ ಹಿಂದೆ ಸರಿಯುತ್ತದೆ. ಎರಡರ ನಡುವಿನ ಜಾಗ ಎಳೆದುಕೊಂಡು ತೆಳುವಾಗುತ್ತದೆ. ಕ್ಲಿಪ್ಪಿಗೆ ಸಿಕ್ಕುವ ಹಳ್ಳ ಅದೇ.

ಡೈಯೊಂದಿಗೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ರ‍್ಯಾಮ್ (ಪ್ರೆಸ್ಸಿನ ಏರಿಳಿಯುವ ದಂಡ) ಮೇಲೆತ್ತಿ, ಶೆಲ್ ಹೋಲ್ಡರ್ ಮುಟ್ಟುವವರೆಗೆ ಡೈ ತಿರುಗಿಸಿ, ಮತ್ತೆ ಕಾಲು ಸುತ್ತು ಬಿಗಿ ಮಾಡಿ. ಹಾಗೆ ಮಾಡಿದ ತೋಟಾ ಯಾವ .308 ರೈಫಲ್‌ಗೂ ಹೊಗುತ್ತದೆ ನಿಜ. ಆದರೆ ನಿಮ್ಮ ಕೇಸು ಹೊಗಬೇಕಾದದ್ದು ನಿಮ್ಮದೊಂದೇ ಚೇಂಬರಿಗೆ. ಅದಕ್ಕೆ ಅಳೆದು ಕೂರಿಸಿ. ಮೊದಲು ಐದಾರು ಖಾಲಿ ಕೇಸಿನ ಪ್ರೈಮರ್ ತೆಗೆಯಿರಿ. ಉಬ್ಬಿದ ಪ್ರೈಮರ್ ಇದ್ದರೆ ಅಳತೆ ಸುಳ್ಳಾಗುತ್ತದೆ. ಕಂಪಾರೇಟರ್ ಸಿಕ್ಕಿಸಿದ ಕ್ಯಾಲಿಪರಿನಲ್ಲಿ ತಳದಿಂದ ಹೆಗಲಿನ ಮೇಲಿನ ಆಧಾರ ಗೆರೆಯವರೆಗೆ ಅಳೆಯಿರಿ. .308ರಲ್ಲಿ ಅದು ಹೆಗಲಿನ ವ್ಯಾಸ 0.400 ಇಂಚು ಇರುವ ಜಾಗ. ಬಂದ ಸಂಖ್ಯೆ ಬರೆದಿಡಿ. ಬೋಲ್ಟ್ ರೈಫಲ್‌ಗೆ ಹೆಗಲು ಈ ಅಳತೆಗಿಂತ 0.001ರಿಂದ 0.002 ಇಂಚು, ಅಂದರೆ 0.03ರಿಂದ 0.05 ಮಿ.ಮೀ. ಹಿಂದೆ ಸರಿದರೆ ಸಾಕು. ತಾನೇ ಲೋಡ್ ಆಗುವ ರೈಫಲ್ ಆಗಿದ್ದರೆ 0.003ರಿಂದ 0.005 ಇಂಚು ಬಿಡುತ್ತಿದ್ದೆವು.

ಡೈಯನ್ನು ಶೆಲ್ ಹೋಲ್ಡರ್‌ಗಿಂತ ಒಂದು ಸುತ್ತು ಮೇಲಿಟ್ಟು ಆರಂಭಿಸಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಪ್ರತಿ ಸಲ ಕೇಸು ಹಾಕಿ ಅಳೆಯಿರಿ. ಇಲ್ಲಿ ಹೊಸಬರನ್ನು ಗೊಂದಲಕ್ಕೆ ಕೆಡಹುವ ಸಂಗತಿಯೊಂದಿದೆ: ಆರಂಭದಲ್ಲಿ ಅಳತೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಡೈ ಇನ್ನೂ ಹೆಗಲು ಮುಟ್ಟಿಲ್ಲ, ಮೈಯನ್ನಷ್ಟೇ ಹಿಂಡುತ್ತಿದೆ; ಹಿಂಡಿದ ಹಿತ್ತಾಳೆ ಮುಂದಕ್ಕೆ ಹರಿದು ಹೆಗಲನ್ನು ಎತ್ತಿದೆ. ಆ ಹಂತದಲ್ಲಿ ನಿಲ್ಲಿಸಿದರೆ ಬೋಲ್ಟ್ ಮುಚ್ಚುವುದೇ ಇಲ್ಲ. ಇಳಿಸುತ್ತ ಹೋಗಿ, ಅಳತೆ ತಿರುಗಿ ಇಳಿಯತೊಡಗುತ್ತದೆ. ಈ ಡೈಗಳ ಮರೆ (ತಿರುಪಿನ ಸುತ್ತು) ಇಂಚಿಗೆ 14 ಸುತ್ತಿನದು. ಒಂದು ಪೂರ್ತಿ ಸುತ್ತಿಗೆ 1.81 ಮಿ.ಮೀ. ಇಳಿಯುತ್ತದೆ, ಹತ್ತು ಡಿಗ್ರಿಗೆ 0.05 ಮಿ.ಮೀ. ಅಂದರೆ ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷಕ್ಕೂ ಕಡಿಮೆ ಸರಿದಷ್ಟು ತಿರುವಿನಲ್ಲಿ ನಿಮಗೆ ಬೇಕಾದ ವ್ಯತ್ಯಾಸವೆಲ್ಲ ಮುಗಿಯುತ್ತದೆ. ಡೈಯ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ, ಕೈ ಎಷ್ಟು ತಿರುಗಿತು ಎಂದು ಕಾಣುತ್ತದೆ.

ಡೈಯೊಳಗೆ ಒಣ ಕೇಸು ಹಾಕಿದರೆ ಕಚ್ಚಿಕೊಳ್ಳುತ್ತದೆ. ಎಳೆದರೆ ಶೆಲ್ ಹೋಲ್ಡರ್ ಕೇಸಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ, ಕೇಸು ಒಳಗೇ ಉಳಿಯುತ್ತದೆ. ಆಮೇಲೆ ತಳಕ್ಕೆ ತೂತು ಕೊರೆದು, ಮರೆ ಹಾಕಿ, ತಿರುಪು ಮೊಳೆಯಿಂದ ಎಳೆಯಬೇಕು. ಹಾಗೆಂದು ಲ್ಯೂಬ್ ಬಳಿದು ತೊಯ್ಯಿಸಿದರೆ ಅದು ಹೆಗಲಿನ ಮೇಲೆ ಸೇರಿಕೊಂಡು ಹಿತ್ತಾಳೆಯಲ್ಲಿ ತಗ್ಗು ಮಾಡುತ್ತದೆ. ಎರಡು ಬೆರಳಿಗೆ ಜಿಡ್ಡು ಹತ್ತಿದೆಯೋ ಇಲ್ಲವೋ ಎನ್ನುವಷ್ಟು ಹಚ್ಚಿಕೊಂಡು ಮೈಯ ಕೆಳಭಾಗವನ್ನು ಸವರಿ, ಹೆಗಲಿಗೆ ಬೇಡ. ಕತ್ತಿನ ಒಳಗೆ ಬ್ರಷ್‌ನಲ್ಲಿ ಒಂದು ಎಳೆ ಸಾಕು. ಹೊರಗೆಳೆಯುವಾಗ 'ಕೀಂ' ಎಂಬ ಸದ್ದು ಬಂದರೆ ಕತ್ತಿನೊಳಗೆ ಒಣಗಿದೆ, ಎಕ್ಸ್‌ಪಾಂಡರ್ ಎಂಬ, ಕತ್ತನ್ನು ಒಳಗಿನಿಂದ ಹಿಗ್ಗಿಸುವ ಗುಂಡಿ ಅದನ್ನು ಎಳೆದು ಉದ್ದ ಮಾಡುತ್ತಿದೆ ಎಂದು ಅರ್ಥ. ಸೈಜಿಂಗ್ ಮುಗಿದ ಮೇಲೆ ಲ್ಯೂಬ್ ಪೂರ್ತಿ ಒರೆಸಿ ತೆಗೆಯಿರಿ. ಜಿಡ್ಡಿನ ಕೇಸು ಚೇಂಬರಿನ ಗೋಡೆಯನ್ನು ಹಿಡಿಯದೆ ಜಾರುತ್ತದೆ, ಬೋಲ್ಟಿನ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ಒಳಗೆ ಉಳಿದ ಜಿಡ್ಡು ಮದ್ದನ್ನೂ ಕೆಡಿಸುತ್ತದೆ.

ಉದ್ದ ಅಳೆಯುವುದು ಸೈಜಿಂಗ್ ಆದ ಮೇಲೆ, ಮೊದಲಲ್ಲ. .308ರ ಕೇಸಿನ ಗರಿಷ್ಠ ಉದ್ದ 2.015 ಇಂಚು, ಅಂದರೆ 51.18 ಮಿ.ಮೀ. ಅದನ್ನು ಮೀರಿದ್ದನ್ನು 2.005 ಇಂಚಿಗೆ, 50.93 ಮಿ.ಮೀ.ಗೆ, ಟ್ರಿಮ್ ಮಾಡಿ. ಈ ಹಂತ ಬಿಟ್ಟರೂ ನಾಲ್ಕೈದು ಸಲ ಏನೂ ಆಗುವುದಿಲ್ಲ; ಅದೇ ಇದರ ಅಪಾಯ. ಕತ್ತು ಬೆಳೆದು ಬೆಳೆದು ಒಂದು ದಿನ ಅದರ ಬಾಯಿ ಚೇಂಬರಿನ ತುದಿಗೆ ತಾಗಿ ಗುಂಡಿನ ಸುತ್ತ ಅಮುಕಿಕೊಳ್ಳುತ್ತದೆ. ಗುಂಡು ಬಿಡಿಸಿಕೊಳ್ಳಲು ಜಾಗವಿಲ್ಲ, ಒತ್ತಡ ಒಮ್ಮೆಲೇ ಏರುತ್ತದೆ. ಅದೇ ಮದ್ದು, ಅದೇ ಗುಂಡು, ಆದರೂ ಬೋಲ್ಟ್ ಬಿಗಿದುಕೊಂಡಿತಲ್ಲ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಕೇಸಿನ ಉದ್ದ ನೋಡಬೇಕು. ಟ್ರಿಮ್ ಆದ ಬಾಯಿಯ ಒಳ ಅಂಚನ್ನು ಹಗುರವಾಗಿ ಸವರಿ, ಹೊರ ಅಂಚಿನ ಒರಟು ಚೂರುಗಳನ್ನು ತೆಗೆಯಿರಿ. ಚಾಕುವಿನ ಅಲಗಿನ ಹಾಗೆ ಚೂಪು ಮಾಡಬೇಡಿ.

ಕೇಸು ಫಳಫಳ ಹೊಳೆಯಬೇಕಿಲ್ಲ, ಮಣ್ಣು ಮಸಿ ಹೋದರೆ ಸಾಕು. ಮೆಕ್ಕೆಜೋಳದ ದಿಂಡಿನ ಪುಡಿ ಹಾಕಿದ, ಕೇಸು ಉಜ್ಜುವ ಟಂಬ್ಲರ್ ಯಂತ್ರ ಬಳಸಿದರೆ ಒಂದು ಎಚ್ಚರ: ಹಳೆಯ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ, ಅದು ಪುಡಿಯೊಳಗೆ ಸೇರುತ್ತದೆ. ಜರಡಿ ಹಿಡಿಯುವುದು ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು. ಅಡುಗೆ ಮನೆಯ ಮೇಜು, ಪಾತ್ರೆ, ಸಿಂಕು ಯಾವುದೂ ಈ ಕೆಲಸಕ್ಕೆ ಬೇಡ. ಕೆಲಸ ಮಾಡುವಾಗ ತಿನ್ನುವುದು, ಕುಡಿಯುವುದು ಬೇಡ. ಕೆಲಸ ಮುಗಿಸಿ ಎದ್ದ ಕೂಡಲೇ ಸೋಪಿನಲ್ಲಿ ಕೈ ತೊಳೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಸಲಹೆಯಲ್ಲ, ಕಟ್ಟಪ್ಪಣೆ.

ಪ್ರೈಮರ್ ಗುಳಿಯ ಮಸಿ ಕೆರೆದು ತೆಗೆದರೆ ಕೇಸಿನ ಸಿದ್ಧತೆ ಮುಗಿಯಿತು. ನಿಮ್ಮ .308ಕ್ಕೆ ಬೇಕಾದದ್ದು ಲಾರ್ಜ್ ರೈಫಲ್ ಪ್ರೈಮರ್, ವ್ಯಾಸ 0.210 ಇಂಚು. ಲಾರ್ಜ್ ಪಿಸ್ತೂಲ್ ಪ್ರೈಮರಿನ ವ್ಯಾಸವೂ ಅಷ್ಟೇ ಇರುವುದರಿಂದ ಅದು ಗುಳಿಗೆ ಹೊಗುತ್ತದೆ. ಆದರೆ ಅದರ ಬಟ್ಟಲು ಗಿಡ್ಡ, ಲೋಹವೂ ತೆಳು; ರೈಫಲ್ ಒತ್ತಡಕ್ಕೆ ತೂತು ಬೀಳಬಹುದು. ಕೆಲವು ಕಂಪನಿಗಳು .308 ಕೇಸನ್ನು ಸ್ಮಾಲ್ ರೈಫಲ್ ಗುಳಿಯಲ್ಲೂ ತಯಾರಿಸುತ್ತವೆ, ಅದು 0.175 ಇಂಚು. ಹಾಗಾಗಿ ಕಣ್ಣಿಟ್ಟು ಬೇರ್ಪಡಿಸಿ.

ಪ್ರೈಮರ್ ಒತ್ತುವಾಗ ಬೆರಳು ಹೇಳುವುದನ್ನು ಕೇಳಿ. ಮೊದಲು ಸಮನಾದ ಬಿಗಿ, ಆಮೇಲೆ ಗುಳಿಯ ತಳ ಮುಟ್ಟಿದ ಗಟ್ಟಿ ನಿಲುವು. ಕೂತ ಮೇಲೆ ಅದು ಕೇಸಿನ ತಳಕ್ಕಿಂತ 0.003ರಿಂದ 0.005 ಇಂಚು, ಸುಮಾರು 0.1 ಮಿ.ಮೀ. ಒಳಗಿರಬೇಕು. ಉಗುರು ಆಡಿಸಿದರೆ ತಗ್ಗು ಸ್ಪಷ್ಟವಾಗಿ ತಿಳಿಯುತ್ತದೆ. ಉಬ್ಬಿ ನಿಂತರೆ ಫೈರಿಂಗ್ ಪಿನ್ನಿನ ಪೆಟ್ಟು ಅದನ್ನು ಒಳಗೆ ತಳ್ಳುವುದರಲ್ಲೇ ಕಳೆದುಹೋಗಿ ಗುಂಡು ಹಾರದೆ ಹೋಗಬಹುದು. ಪ್ರೈಮರ್ ಯಾವ ಬಿಗಿಯೂ ಇಲ್ಲದೆ ಜಾರಿ ಕೂತರೆ ಗುಳಿ ಸಡಿಲವಾಗಿದೆ, ಆ ಕೇಸಿನ ಆಯುಷ್ಯ ಮುಗಿಯಿತು. ಅಡ್ಡ ತಿರುಗಿ ಸಿಕ್ಕಿಕೊಂಡ ಪ್ರೈಮರನ್ನು ಬಲವಾಗಿ ಒತ್ತಿ ಕೂರಿಸಲು ಹೋಗಬೇಡಿ. ಅಮುಕಿದರೆ ಸಿಡಿಯುವುದೇ ಅದರ ಗುಣ. ಪ್ರೈಮರ್‌ಗಳನ್ನು ಕಂಪನಿಯ ಡಬ್ಬಿಯಲ್ಲೇ ಇಡಿ. ಗಾಜಿನ ಬಾಟಲಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ.

ಈಗ ಮದ್ದು. ಸ್ನೇಹಿತರ ಚೀಟಿ ಏಕೆ ಬೇಡ ಎಂದರೆ, ಅವರ ಅಳತೆ ಅವರ ಚೇಂಬರ್, ಅವರ ನಳಿಗೆ, ಅವರ ಕೇಸಿನ ಒಳ ಜಾಗ, ಅವರ ಪ್ರೈಮರ್, ಅವರ ಗುಂಡು ಎಷ್ಟು ಆಳಕ್ಕೆ ಕೂತಿದೆ ಎಂಬುದಕ್ಕೆ ಹೊಂದಿದ್ದು. ಇದರಲ್ಲಿ ಒಂದು ಬದಲಾದರೂ ಒತ್ತಡ ಬದಲಾಗುತ್ತದೆ. ಕೈಬರಹದಲ್ಲಿ ಒಂದು ಚುಕ್ಕೆ ಅಳಿಸಿದರೆ ಸಂಖ್ಯೆಯೇ ಬೇರೆ. ಮದ್ದಿನ ಹೆಸರಿನಲ್ಲೂ ಬಲೆ ಇದೆ: ಐಎಂಆರ್ 4831 ಮತ್ತು ಎಚ್4831 ಎರಡೂ 4831ಗಳೇ, ಆದರೆ ಉರಿಯುವ ವೇಗ ಬೇರೆ, ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಚೀಟಿಯಲ್ಲಿ ಬರೀ '4831' ಎಂದಿದ್ದರೆ ಏನು ಮಾಡುತ್ತೀರಿ? ಈ ಉತ್ತರದಲ್ಲೂ ಅದಕ್ಕಾಗಿಯೇ ಮದ್ದಿನ ತೂಕ ಕೊಟ್ಟಿಲ್ಲ. ಕೈಪಿಡಿಯಲ್ಲಿ ನಿಮ್ಮ ಗುಂಡಿನ ತೂಕ, ನಿಮ್ಮ ಮದ್ದಿನ ಪೂರ್ತಿ ಹೆಸರು ಇರುವ ಸಾಲನ್ನು ಹುಡುಕಿ, ಆರಂಭದ ಅಳತೆಯಿಂದಲೇ ಶುರು ಮಾಡಿ. ಆರಂಭದ ಅಳತೆ ಕೊಡದೆ ಗರಿಷ್ಠ ಮಾತ್ರ ಕೊಟ್ಟಿದ್ದರೆ ಅದರಿಂದ ಶೇ. 10 ಕಳೆದು ಹೊರಡುವುದು ವಾಡಿಕೆ. ಅದಕ್ಕೂ ಕೆಳಗೆ ಹೋದರೆ ಇನ್ನಷ್ಟು ಸುರಕ್ಷಿತ ಎಂಬ ಲೆಕ್ಕ ತಪ್ಪು. ನಿಧಾನ ಉರಿಯುವ ಮದ್ದನ್ನು ಕೇಸಿನಲ್ಲಿ ತೀರ ಕಡಿಮೆ ಹಾಕಿದಾಗಲೂ ರೈಫಲ್‌ಗಳು ಒಡೆದಿವೆ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುವುದೂ ಉಂಟು.

ನಿಮಗೊಂದು ಖಚಿತ ಸಲಹೆ: ಕೇಸನ್ನು ಮುಕ್ಕಾಲಿಗಿಂತ ಹೆಚ್ಚು ತುಂಬುವ ಮದ್ದನ್ನೇ ಆರಿಸಿ. ತಪ್ಪಿ ಎರಡು ಸಲ ಹಾಕಿದರೆ ಬಾಯಿಯಿಂದ ಚೆಲ್ಲುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಅರ್ಧಕ್ಕಿಂತ ಕಡಿಮೆ ತುಂಬುವ ವೇಗದ ಮದ್ದಿನಲ್ಲಿ ಎರಡು ಪಾಲು ಸದ್ದಿಲ್ಲದೆ ಒಳಗೆ ಕೂರುತ್ತದೆ.

ತಕ್ಕಡಿಯನ್ನು ಫ್ಯಾನಿನ ಗಾಳಿ ತಾಗದ ಸಮತಟ್ಟಾದ ಜಾಗದಲ್ಲಿಡಿ, ಹತ್ತಿರ ಮೊಬೈಲ್ ಬೇಡ. ಡಿಜಿಟಲ್ ಆದರೆ ಹಾಕಿದ ಕೂಡಲೇ ನಂಬದೆ ಕಾಲು ಗಂಟೆ ಬೆಚ್ಚಗಾಗಲು ಬಿಡಿ, ಪರೀಕ್ಷಾ ತೂಕ ಇಟ್ಟು ನೋಡಿ. ಹತ್ತು ಹದಿನೈದು ಕೇಸಿಗೊಮ್ಮೆ ಮತ್ತೆ ನೋಡಿ. ಮುಖ್ಯವಾಗಿ, ಪರದೆಯ ಮೇಲಿನ ಮಾನ ಗಮನಿಸಿ. ಒಂದು ಗ್ರಾಂ ಎಂದರೆ 15.43 ಗ್ರೇನ್. ಗುಂಡಿ ಕೈತಾಗಿ ಮಾನ ಬದಲಾದರೆ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. 0.1 ಗ್ರೇನ್ ಎಂದರೆ ಬರೀ 6.5 ಮಿಲಿಗ್ರಾಂ. ಕಾಳಿನಂಥ ದುಂಡು ಮದ್ದು ಪೌಡರ್ ಮೆಷರಿನಿಂದ ಸಲೀಸಾಗಿ ಇಳಿಯುತ್ತದೆ. ಕಡ್ಡಿಯಂಥ ಮದ್ದು ಅಲ್ಲಲ್ಲಿ ಸಿಕ್ಕಿ, ಮೆಷರಿನ ಹಿಡಿ 'ಕರಕ್' ಎಂದು ಕಡ್ಡಿ ಕತ್ತರಿಸುತ್ತದೆ; ಆ ಪಾಲು ಹೆಚ್ಚು ಕಡಿಮೆ ಆಗಿರುತ್ತದೆ. ಅಂಥ ಮದ್ದನ್ನು ಸ್ವಲ್ಪ ಕಡಿಮೆ ಸುರಿದು, ಉಳಿದದ್ದನ್ನು ಟ್ರಿಕ್ಲರಿನಿಂದ ಕಡ್ಡಿ ಕಡ್ಡಿಯಾಗಿ ತಕ್ಕಡಿಗೆ ಉದುರಿಸಿ.

ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ, ಇನ್ನೊಂದು ಕಪಾಟಿನಲ್ಲೇ ಇರಲಿ. ಕೆಲಸ ಮುಗಿದ ತಕ್ಷಣ ಮೆಷರಿನಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಹಾಕಿ ಮುಚ್ಚಿ; ರಾತ್ರಿ ಬಿಟ್ಟರೆ ಬೆಳಿಗ್ಗೆ ಅದು ಯಾವ ಮದ್ದೆಂದು ಹೇಳುವವರಿಲ್ಲ. ಖಾಲಿ ಕೇಸುಗಳನ್ನು ಬ್ಲಾಕಿನಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಮದ್ದು ತುಂಬಿದ್ದನ್ನು ಮಾತ್ರ ಬಾಯಿ ಮೇಲೆ ಮಾಡಿ. ಮಧ್ಯದಲ್ಲಿ ಯಾರೋ ಕರೆದರೂ ಎಲ್ಲಿ ನಿಲ್ಲಿಸಿದಿರಿ ಎಂಬುದು ಕಣ್ಣಿಗೇ ಕಾಣುತ್ತದೆ. ಐವತ್ತೂ ತುಂಬಿದ ಮೇಲೆ ಟಾರ್ಚ್ ಹಿಡಿದು ಸಾಲು ಸಾಲಾಗಿ ಮೇಲಿನಿಂದ ನೋಡಿ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿರಬೇಕು. ಒಂದರಲ್ಲಿ ಅನುಮಾನ ಬಂದರೂ ತಟ್ಟೆಗೆ ಸುರಿದು ಮತ್ತೆ ತೂಗಿ.

ಗುಂಡು ಕೂರಿಸುವ ಮೊದಲು ಒಂದು ಡಮ್ಮಿ ಮಾಡಿಕೊಳ್ಳಿ: ಸೈಜ್ ಮಾಡಿದ ಕೇಸು ಮತ್ತು ಗುಂಡು ಮಾತ್ರ, ಪ್ರೈಮರೂ ಇಲ್ಲ, ಮದ್ದೂ ಇಲ್ಲ. ಸೀಟಿಂಗ್ ಡೈ ಹೊಂದಿಸುವುದು, ಬೋಲ್ಟ್ ಸಲೀಸಾಗಿ ಮುಚ್ಚುತ್ತದೆಯೇ ಎಂದು ನೋಡುವುದು ಎಲ್ಲ ಇದರಲ್ಲೇ. ಜೀವಂತ ತೋಟಾವನ್ನು ಮನೆಯೊಳಗೆ ರೈಫಲ್‌ಗೆ ಹಾಕಿ ನೋಡಬೇಡಿ. ಬಹಳಷ್ಟು ಸೀಟಿಂಗ್ ಡೈಗಳ ಒಳಗೆ ಕ್ರಿಂಪ್ ಮಾಡುವ, ಅಂದರೆ ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಒತ್ತಿ ಬಿಗಿಯುವ ಮೆಟ್ಟಿಲಿರುತ್ತದೆ. ಡೈಯನ್ನು ಹೆಚ್ಚು ಇಳಿಸಿದರೆ ಅದು ಕೇಸಿನ ಬಾಯಿಯನ್ನು ಒತ್ತಿ ಹೆಗಲನ್ನು ಉಬ್ಬಿಸುತ್ತದೆ. ಆ ಉಬ್ಬು ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು, ಆದರೆ ಬೋಲ್ಟ್ ಮುಚ್ಚುವುದಿಲ್ಲ. ಅದಕ್ಕೆ ಡೈ ಕೇಸಿನ ಬಾಯಿಗೆ ತಾಗಿದ ಮೇಲೆ ಒಂದು ಸುತ್ತು ಹಿಂದೆ ತೆಗೆದು ಲಾಕ್ ಮಾಡಿ. ಗುಂಡಿನ ಆಳವನ್ನು ಡೈಯ ಮೇಲಿನ ತಿರುಪು ಕಡ್ಡಿಯಾದ ಸ್ಟೆಮ್ಮಿನಿಂದ ಮಾತ್ರ ಹೊಂದಿಸಿ.

ಪೂರ್ತಿ ತೋಟಾದ ಉದ್ದ ಸಾಮಿ ಮಾನದಂಡದಂತೆ 2.810 ಇಂಚು, 71.37 ಮಿ.ಮೀ. ಮೀರಬಾರದು. ಕೈಪಿಡಿಯ ಸಾಲಿನಲ್ಲಿ ನಿಮ್ಮ ಗುಂಡಿಗೆ ಕೊಟ್ಟ ಉದ್ದವನ್ನೇ ಮೊದಲು ಅನುಸರಿಸಿ. ಗುಂಡನ್ನು ನಳಿಗೆಯೊಳಗಿನ ಸುರುಳಿ ಗೀರುಗಳಾದ ರೈಫ್ಲಿಂಗಿಗೆ ತಾಗಿಸಿದರೆ ನಿಖರತೆ ಹೆಚ್ಚುತ್ತದೆ ಎಂಬ ಮಾತು ಕೇಳುತ್ತೀರಿ. ತಾಗಿಸಿದರೆ ಒತ್ತಡವೂ ಏರುತ್ತದೆ, ಹಾರಿಸದೆ ತೋಟಾ ಹೊರತೆಗೆಯುವಾಗ ಗುಂಡು ನಳಿಗೆಯಲ್ಲೇ ಉಳಿದು ಮದ್ದು ಆ್ಯಕ್ಷನ್ನಿನೊಳಗೆ ಚೆಲ್ಲಬಹುದು. ಆ ಪ್ರಯೋಗ ಕೆಲವು ವರ್ಷ ಕಳೆದ ಮೇಲೆ. ಇನ್ನೊಂದು, ಗುಂಡಿನ ವ್ಯಾಸ. ನಿಮ್ಮದು 0.308 ಇಂಚು. .303 ಬ್ರಿಟಿಷ್‌ನದು ಹೆಸರಿನಲ್ಲಿ ಚಿಕ್ಕದಾಗಿ ಕಂಡರೂ 0.311. ಹೆಸರು ನೋಡಿ ಗುಂಡು ಕೊಳ್ಳಬೇಡಿ, ಡಬ್ಬಿಯ ಮೇಲಿನ ವ್ಯಾಸ ನೋಡಿ.

ಮೊದಲ ತೋಟಾಗಳನ್ನು ರೇಂಜ್‌ನಲ್ಲಿ ಹಾರಿಸುವಾಗ ಆರಂಭದ ಅಳತೆಯವು ಐದು, ಆಮೇಲೆ 0.5 ಗ್ರೇನ್ ಏರಿಸುತ್ತ ಪ್ರತಿ ಹಂತದವು ಮೂರು ಮೂರು ಇರಲಿ. ಕೆಳಗಿನಿಂದ ಮೇಲಕ್ಕೇ ಹೋಗಿ. ಪ್ರತಿ ಗುಂಡಿನ ನಂತರ ಕೇಸು ಕೈಗೆತ್ತಿಕೊಂಡು ನೋಡಿ. ಬೋಲ್ಟಿನ ಹಿಡಿ ಎತ್ತಲು ಬಿಗಿಯಾಯಿತೇ? ತಳದ ಅಕ್ಷರಗಳ ಮೇಲೆ ಖಾಲಿ ಕೇಸು ಹೊರಗೆಸೆಯುವ ಎಜೆಕ್ಟರಿನ ಹೊಳೆಯುವ ದುಂಡು ಗುರುತು ಬಿದ್ದಿದೆಯೇ? ಪ್ರೈಮರಿನ ದುಂಡನೆಯ ಅಂಚು ಚಪ್ಪಟೆಯಾಗಿ ಗುಳಿಯ ಮೂಲೆವರೆಗೆ ಹರಡಿದೆಯೇ? ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ, ಮೇಲಿನ ಹಂತದವನ್ನು ಮನೆಗೆ ತಂದು ಬಿಚ್ಚಿ. ಈ ಗುರುತುಗಳು ಕಾಣದಿದ್ದರೆ ಒತ್ತಡ ಸರಿಯಿದೆ ಎಂದು ಮಾತ್ರ ತಿಳಿಯಬೇಡಿ. ಮಿತಿ ಮೀರಿದ ಮೇಲೂ ಎಷ್ಟೋ ಸಲ ಗುರುತು ಕಾಣುವುದಿಲ್ಲ. ಹಾಗಾಗಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟುಕೊಳ್ಳುವುದು ಒಳ್ಳೆಯದು. ಕೈಪಿಡಿಯ ಗರಿಷ್ಠ ಅಳತೆಗೆ ಮುಟ್ಟುವ ಮೊದಲೇ, ಅಷ್ಟೇ ಉದ್ದದ ನಳಿಗೆಯಲ್ಲಿ, ಅಲ್ಲಿ ಕೊಟ್ಟ ಗರಿಷ್ಠ ವೇಗ ಬಂದುಬಿಟ್ಟರೆ ನಿಮ್ಮ ರೈಫಲ್‌ನಲ್ಲಿ ಒತ್ತಡವೂ ಅಲ್ಲಿಗೆ ಮುಟ್ಟಿದೆ ಎಂದು ತಿಳಿದು ಕೆಳಗಿಳಿಯಿರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿಟ್ಟ ತೋಟಾ ಹೆಚ್ಚು ಒತ್ತಡ ಕೊಡುತ್ತದೆ ಎಂಬುದೂ ನೆನಪಿರಲಿ.

ಟ್ರಿಗರ್ ಎಳೆದಾಗ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದುಂಟು. ಸದ್ದು ಮಾಮೂಲಿಗಿಂತ ಮೆತ್ತಗೆ ಕೇಳಿಸಿತೋ, ಒದೆತ ಕಡಿಮೆ ಎನಿಸಿತೋ, ಮುಂದಿನ ತೋಟಾ ಹಾಕಲೇಬೇಡಿ. ಹಾಗೆಯೇ ಕಾದು, ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುವುದೇ ನೋಡಿ. ಒಳಗೆ ನಿಂತ ಗುಂಡಿನ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ.

ಮದ್ದನ್ನು ಕಂಪನಿಯ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಪ್ರೈಮರಿನಿಂದ ದೂರ, ಬೀಗದೊಳಗೆ ಇಡಿ. ಗಟ್ಟಿ ಕಬ್ಬಿಣದ, ಗಾಳಿಯಾಡದ ಪೆಟ್ಟಿಗೆ ಸುರಕ್ಷಿತ ಎನಿಸುತ್ತದೆ, ಆದರೆ ಅದು ತಪ್ಪು ಆಯ್ಕೆ. ಹೊಗೆರಹಿತ ಮದ್ದು ತೆರೆದ ಜಾಗದಲ್ಲಿ ಭುಗ್ಗೆಂದು ಉರಿಯುತ್ತದೆ. ಬಿಗಿಯಾಗಿ ಮುಚ್ಚಿಟ್ಟಲ್ಲಿ ಅದೇ ಸ್ಫೋಟ. ಮರದ ಪೆಟ್ಟಿಗೆ ಉತ್ತಮ. ಡಬ್ಬಿ ತೆರೆದಾಗ ಹುಳಿ ಘಾಟು ಬಂದರೆ, ಒಳಗೆ ಕಂದುಗೆಂಪು ಪುಡಿಯೋ ಹೊಗೆಯೋ ಕಂಡರೆ ಮದ್ದು ಕೊಳೆಯುತ್ತಿದೆ. ಅದನ್ನು ಬಳಸುವುದು ಹಾಗಿರಲಿ, ಮನೆಯೊಳಗೆ ಇಟ್ಟುಕೊಳ್ಳಲೂಬೇಡಿ.

ರೇಂಜ್‌ನಲ್ಲಿ ಆಯ್ದ ಕೇಸುಗಳನ್ನು ಈಗ ಮುಟ್ಟದಿರುವುದೇ ಲೇಸು. ಎಷ್ಟು ಸಲ ಹಾರಿಸಿದ್ದೋ, ಯಾವ ಚೇಂಬರಿನಲ್ಲಿ ಹಿಗ್ಗಿದ್ದೋ ತಿಳಿಯದು. ಅವುಗಳಲ್ಲಿ ಸೈನ್ಯದ 7.62 ನೇಟೋ ಕೇಸುಗಳಿದ್ದರೆ ಗೋಡೆ ಸಾಮಾನ್ಯವಾಗಿ ದಪ್ಪ, ಒಳ ಜಾಗ ಕಡಿಮೆ. ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ಪ್ರೈಮರ್ ಗುಳಿಯ ಅಂಚನ್ನೂ ಒತ್ತಿ ಮಡಿಚಿರುತ್ತಾರೆ. ಆ ಮಡಿಕೆ ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ನಿಮ್ಮ ಸ್ವಂತ ಇನ್ನೂರು ಕೇಸೇ ಬಹುಕಾಲ ಸಾಕಾಗುತ್ತದೆ.

ಪ್ರತಿ ಡಬ್ಬಿಯ ಮೇಲೂ ಅದೇ ಗಳಿಗೆಯಲ್ಲಿ ಚೀಟಿ ಅಂಟಿಸಿ: ಗುಂಡಿನ ಕಂಪನಿ ಮತ್ತು ತೂಕ, ಮದ್ದಿನ ಪೂರ್ತಿ ಹೆಸರು, ಲಾಟ್ ಸಂಖ್ಯೆ, ಎಷ್ಟು ಗ್ರೇನ್, ಪ್ರೈಮರ್, ತೋಟಾದ ಉದ್ದ, ಕೇಸಿಗೆ ಇದು ಎಷ್ಟನೆಯ ಸಲ, ತಾರೀಖು. ಇದನ್ನೇ ಒಂದು ನೋಟ್‌ಬುಕ್ಕಿನಲ್ಲೂ ಬರೆಯಿರಿ. ಚೀಟಿ ಬಿದ್ದುಹೋಗಿ, ಒಳಗೇನಿದೆ ಎಂದು ನಿಮಗೇ ಖಚಿತವಿಲ್ಲದ ಡಬ್ಬಿ ಸಿಕ್ಕಿದ ದಿನ, ನೆನಪಿನ ಮೇಲೆ ಹಾರಿಸಲು ಹೋಗದೆ ಬುಲೆಟ್ ಪುಲ್ಲರ್ ಎತ್ತಿಕೊಂಡು ಒಂದೊಂದಾಗಿ ಬಿಚ್ಚಿ. ಗುಂಡೂ ಕೇಸೂ ಮತ್ತೆ ಬಳಕೆಗೆ ಬರುತ್ತವೆ. ಹೆಸರು ಗೊತ್ತಿಲ್ಲದ ಆ ಮದ್ದನ್ನು ಮಾತ್ರ ಯಾವ ಡಬ್ಬಿಗೂ ವಾಪಸ್ ಸುರಿಯಬೇಡಿ.